ಕಾರಿನ ಅಂಚೆಚೀಟಿ ಕೂಡಿಸುವುದು ಹೇಗೆ: ಕಲಬುರಗಿ ಸೀಮೆಯವರಿಗೆ ಒಂದು ಮಾರ್ಗದರ್ಶಿ

ಕಾರು, ಬಸ್ಸು, ಲಾರಿಗಳ ಚಿತ್ರವಿರುವ ಅಂಚೆಚೀಟಿಗಳು ಜಗತ್ತಿನಲ್ಲಿ ಸಾವಿರಗಟ್ಟಲೆ ಇವೆ. ಎಲ್ಲವನ್ನೂ ಕೂಡಿಸುತ್ತೇನೆಂದು ಹೊರಟವರ ಡಬ್ಬಿ ಬೇಗ ತುಂಬುತ್ತದೆ, ಆಸಕ್ತಿ ಅದಕ್ಕಿಂತ ಬೇಗ ಬತ್ತುತ್ತದೆ. ಆದ್ದರಿಂದ ದುಡ್ಡು ಬಿಚ್ಚುವ ಮೊದಲು ಮಾಡಬೇಕಾದ ಕೆಲಸ ಒಂದಿದೆ: ಮೋಟಾರಿನ ಚರಿತ್ರೆಯಲ್ಲಿ ನಿಮಗೆ ಯಾವ ಕಥೆ ಹೇಳಬೇಕಿದೆ ಎಂದು ನಿರ್ಧರಿಸುವುದು. ಕಥೆ ಗಟ್ಟಿಯಾಗಿದ್ದರೆ ಯಾವ ಚೀಟಿ ಬೇಕು, ಯಾವುದು ಬೇಡ ಎಂಬುದು ತಾನಾಗಿ ತಿಳಿಯುತ್ತದೆ. ಕಲಬುರಗಿ, ಬೀದರ್, ಯಾದಗಿರಿಯಲ್ಲಿ ಕೂತವರಿಗೆ ಬೆಂಗಳೂರಿನವರಿಗೂ ಇಲ್ಲದ ಒಂದು ಎಳೆ ಕೈಗೆ ಸಿಗುತ್ತದೆ. ಅದನ್ನು ಮುಂದೆ ಹೇಳುತ್ತೇನೆ.

ಕಥೆ ಆರಿಸಿಕೊಳ್ಳಿ

ಕಾರನ್ನು ತೋರಿಸುವ ಮೊದಲ ಅಂಚೆಚೀಟಿ ಎಂದು ಸಂಗ್ರಾಹಕರು ಒಪ್ಪುವುದು ಅಮೆರಿಕದ 1901ರ 4 ಸೆಂಟ್ ಚೀಟಿಯನ್ನು. ಪ್ಯಾನ್ ಅಮೆರಿಕನ್ ವಸ್ತುಪ್ರದರ್ಶನಕ್ಕಾಗಿ ಹೊರಬಂದ ಸರಣಿ ಅದು. ಚಿತ್ರದಲ್ಲಿರುವುದು ಪೆಟ್ರೋಲ್ ಗಾಡಿಯಲ್ಲ, ವಿದ್ಯುತ್ ಕಾರು. ಇವತ್ತು ನಮ್ಮ ಬೀದಿಯಲ್ಲಿ ಸದ್ದಿಲ್ಲದೆ ಓಡಾಡುವ ಎಲೆಕ್ಟ್ರಿಕ್ ಗಾಡಿಗಳನ್ನು ಹೊಸ ಕಾಲದ್ದೆಂದುಕೊಂಡವರು ಈ ಚೀಟಿಯನ್ನೊಮ್ಮೆ ನೋಡಬೇಕು. ವಿದ್ಯುತ್ ಗಾಡಿಯನ್ನೇ ಎಳೆಯಾಗಿ ಹಿಡಿದರೆ 1901ರಿಂದ ಇಂದಿನವರೆಗೆ ಸೊಗಸಾದ ಸಂಗ್ರಹವಾಗುತ್ತದೆ.

ಮೋಟಾರಿನ ಹುಟ್ಟನ್ನು ಹಿಡಿಯುವವರಿಗೆ ಜರ್ಮನಿ ಇದೆ. ಕಾರ್ಲ್ ಬೆಂಜ್ ತನ್ನ ಮೂರು ಗಾಲಿಯ ಗಾಡಿಗೆ ಪೇಟೆಂಟ್ ಅರ್ಜಿ ಹಾಕಿದ್ದು 1886ರ ಜನವರಿ 29ರಂದು. ಐವತ್ತು ವರ್ಷ ತುಂಬಿದಾಗ, 1936ರಲ್ಲಿ, ಬರ್ಲಿನ್ ಮೋಟಾರು ಪ್ರದರ್ಶನದ ಹೊತ್ತಿಗೆ ಜರ್ಮನಿ ಎರಡು ಚೀಟಿ ತಂದಿತು: ಒಂದರಲ್ಲಿ ಮೋಟಾರು ಗಾಡಿಯ ಇನ್ನೊಬ್ಬ ಆದಿಪುರುಷ ಗಾಟ್ಲೀಬ್ ಡೈಮ್ಲರ್, ಇನ್ನೊಂದರಲ್ಲಿ ಬೆಂಜ್. ಈ ಚೀಟಿಗಳ ಪುಟದಲ್ಲಿ ಬೆಂಜ್‌ನ ಹೆಂಡತಿ ಬರ್ತಾಳ ಮಾತನ್ನು ನಾಲ್ಕು ಸಾಲಿನಲ್ಲಾದರೂ ಬರೆಯಿರಿ. 1888ರ ಆಗಸ್ಟ್‌ನಲ್ಲಿ ಆಕೆ ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಆ ಗಾಡಿಯಲ್ಲಿ ಹೋದಳು. ನೂರು ಕಿಲೋಮೀಟರಿಗೂ ಮಿಕ್ಕ ದಾರಿ, ಹೆಚ್ಚುಕಡಿಮೆ ಕಲಬುರಗಿಯಿಂದ ಬೀದರ್‌ಗೆ ಹೋದಷ್ಟು. ಇಂಧನ ಮುಗಿದಾಗ ವೀಸ್ಲೋಖ್ ಎಂಬ ಊರಿನ ಔಷಧಿ ಅಂಗಡಿಯಲ್ಲಿ ದ್ರಾವಣ ಕೊಂಡು ತುಂಬಿಸಿದಳು. ಕಾರು ನಂಬಿ ಪ್ರಯಾಣ ಮಾಡಬಹುದಾದ ಗಾಡಿ ಎಂದು ಜನಕ್ಕೆ ಮೊದಲು ತೋರಿಸಿಕೊಟ್ಟವಳು ಅವಳೇ.

ಅದೇ ಜರ್ಮನಿಯ 1939ರ ಸರಣಿಯಲ್ಲಿ ಫೋಕ್ಸ್‌ವ್ಯಾಗನ್ ಇದೆ. ಇದು ನಾಜಿ ಸರ್ಕಾರದ ಪ್ರಚಾರದ ಚೀಟಿ, ಹಾಗೆಂದೇ ಬರೆದು ಇಡಬೇಕು. ವಾರಕ್ಕೆ 5 ಮಾರ್ಕ್ ಕೊಟ್ಟು ಉಳಿತಾಯದ ಚೀಟಿ ಕೊಳ್ಳಿ, ಕಾರ್ಡಿಗೆ ಅಂಟಿಸಿ, ಕಾರ್ಡು ತುಂಬಿದರೆ ಕಾರು ನಿಮ್ಮದು ಎಂದು ಸರ್ಕಾರ ಸಾಮಾನ್ಯ ಜನರನ್ನು ನಂಬಿಸಿತ್ತು. ಲಕ್ಷಾಂತರ ಜನ ಅಂಟಿಸಿದರು. ಯುದ್ಧ ಬಂತು, ಕಾರ್ಖಾನೆ ಸೈನ್ಯದ ಗಾಡಿ ಮಾಡತೊಡಗಿತು, ಹಣ ಕಟ್ಟಿದವರಲ್ಲಿ ಒಬ್ಬರ ಮನೆಗೂ ಆಗ ಕಾರು ಬರಲಿಲ್ಲ.

ಇನ್ನೂ ಎಷ್ಟೋ ದಾರಿಗಳಿವೆ. ಹೆನ್ರಿ ಫೋರ್ಡ್ ಮತ್ತು ಅವನ ಮಾಡೆಲ್ ಟಿ ಕಾರು ಒಟ್ಟಿಗಿರುವ ಅಮೆರಿಕದ 1968ರ 12 ಸೆಂಟ್ ಚೀಟಿಯಿಂದ ಕಾರ್ಖಾನೆಯ ಕಥೆ ಶುರು ಮಾಡಬಹುದು. ರೇಸ್ ಕಾರುಗಳಿಗೆ ಮೊನಾಕೊ, ಹಳೆಯ ಮಾದರಿಗಳಿಗೆ ಸ್ಯಾನ್ ಮರಿನೊದ 1962ರ ಉದ್ದನೆಯ ಸೆಟ್ಟು. ಸ್ವೀಡನ್ 1967ರ ಸೆಪ್ಟೆಂಬರ್ 3ರಂದು ಇಡೀ ದೇಶದ ವಾಹನಗಳನ್ನು ರಸ್ತೆಯ ಎಡದಿಂದ ಬಲಕ್ಕೆ ಬದಲಿಸಿತು, ಅದಕ್ಕೂ ಚೀಟಿ ಇದೆ. ರಸ್ತೆ ಸುರಕ್ಷತೆಯನ್ನು ವಿಷಯ ಮಾಡಿಕೊಂಡರೆ ಬೆಲೆಯೂ ಕಡಿಮೆ, ಶಾಲೆಯ ಪ್ರದರ್ಶನಕ್ಕೂ ಹೊಂದುತ್ತದೆ.

ನಮ್ಮ ಸೀಮೆಯ ಎಳೆ

ಈಗ ನಮ್ಮದಕ್ಕೆ ಬರೋಣ. ಬ್ರಿಟಿಷ್ ಇಂಡಿಯಾ 1937ರಲ್ಲಿ ಆರನೆಯ ಜಾರ್ಜ್ ದೊರೆಯ ಚಿತ್ರದ ಜೊತೆಗೆ ಟಪಾಲು ಸಾಗಿಸುವ ಬಗೆಗಳನ್ನು ತೋರಿಸುವ ಸರಣಿ ತಂದಿತು. ಓಟದ ಅಂಚೆಯವನು, ಎತ್ತಿನ ಗಾಡಿ, ಟಾಂಗಾ, ಒಂಟೆ, ರೈಲು, ಹಡಗು, ಆಮೇಲೆ 8 ಆಣೆಯದರಲ್ಲಿ ಟಪಾಲು ಲಾರಿ, 12 ಆಣೆಯದರಲ್ಲಿ ವಿಮಾನ. ನಾಸಿಕದಲ್ಲಿ ಅಚ್ಚಾದದ್ದು. ಆ 8 ಆಣೆಯ ಲಾರಿ ಚೀಟಿಯೇ ನಿಮ್ಮ ಸಂಗ್ರಹದ ಮೊದಲ ಚೀಟಿಯಾಗಲಿ. ಬಳಸಿದ ಚೀಟಿಯಾದರೆ ಸಾಮಾನ್ಯನ ಕೈಗೂ ಎಟುಕುತ್ತದೆ. ಎತ್ತು, ಒಂಟೆ, ಟಾಂಗಾಗಳ ಸಾಲಿನಲ್ಲೇ ಮೋಟಾರು ನಿಂತಿರುವುದರಿಂದ ಈ ನೆಲಕ್ಕೆ ಮೋಟಾರು ಹೇಗೆ ಬಂತು ಎಂಬುದನ್ನು ಅದು ಒಂದೇ ನೋಟದಲ್ಲಿ ಹೇಳಿಬಿಡುತ್ತದೆ.

ಆಗ ನಮ್ಮ ಮೂರೂ ಜಿಲ್ಲೆಗಳು ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಸಂಸ್ಥಾನ 1869ರಿಂದಲೇ ತನ್ನದೇ ಅಂಚೆಚೀಟಿ ಹೊರಡಿಸುತ್ತಿತ್ತು. 1931ರ ಅದರ ಚಿತ್ರಸರಣಿಯಲ್ಲಿ ಚಾರ್‌ಮಿನಾರ್, ಉಸ್ಮಾನ್ ಸಾಗರ ಕೆರೆಗಳ ಜೊತೆಗೆ ಬೀದರಿನ ಮಹಮೂದ್ ಗವಾನ್ ಮದರಸಾವೂ ಇದೆ. ಅದರಲ್ಲಿ ಕಾರಿಲ್ಲ, ನಿಜ. ಆದರೆ ಕಥೆಗೆ ಬೇಕು. ಮರುವರ್ಷವೇ, 1932ರಲ್ಲಿ, ನಿಜಾಮ್ ರಾಜ್ಯ ರೈಲ್ವೆಯ ಅಂಗವಾಗಿ 27 ಬಸ್ಸು, 166 ನೌಕರರೊಂದಿಗೆ ಸಂಸ್ಥಾನದ ರಸ್ತೆ ಸಾರಿಗೆ ಶುರುವಾಯಿತು. ಇವತ್ತು ಕಲಬುರಗಿಯಲ್ಲಿ ಕೇಂದ್ರ ಕಚೇರಿಯಿರುವ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಬಸ್ಸಿನಲ್ಲಿ ಓಡಾಡುವವರು ಈ ಪುಟದ ಮುಂದೆ ತಪ್ಪದೆ ನಿಲ್ಲುತ್ತಾರೆ.

ನಿಜಾಮರ ಹಳದಿ ಬಣ್ಣದ 1912ರ ರೋಲ್ಸ್ ರಾಯ್ಸ್ ಸಿಲ್ವರ್ ಘೋಸ್ಟ್ ಹೈದರಾಬಾದಿನ ಚೌಮಹಲ್ಲಾ ಅರಮನೆಯಲ್ಲಿದೆ. ಬ್ರಿಟನ್ 1982ರಲ್ಲಿ ಹೊರಡಿಸಿದ ನಾಲ್ಕು ಕಾರು ಚೀಟಿಗಳಲ್ಲಿ 29 ಪೆನ್ನಿಯದು ಸಿಲ್ವರ್ ಘೋಸ್ಟ್‌ನದೇ, ಪಕ್ಕದಲ್ಲಿ ಸಿಲ್ವರ್ ಸ್ಪಿರಿಟ್. ಉಳಿದ ಮೂರೂ ಹೀಗೇ ಹಳತು ಹೊಸತರ ಜೋಡಿ: ಆಸ್ಟಿನ್ ಸೆವೆನ್ ಮತ್ತು ಮೆಟ್ರೊ, ಮಾಡೆಲ್ ಟಿ ಮತ್ತು ಎಸ್ಕಾರ್ಟ್, ಜಾಗ್ವಾರ್ ಎಸ್‌ಎಸ್1 ಮತ್ತು ಎಕ್ಸ್‌ಜೆ6. ಹೊಸಬರಿಗೆ ಇಷ್ಟು ಒಳ್ಳೆಯ ಸೆಟ್ಟು ಬೇರೆ ಇಲ್ಲ ಎಂಬುದು ನನ್ನ ಅಭಿಪ್ರಾಯ.

ಈ ಸಾಲಿಗೆ ಸರ್ ಎಂ. ವಿಶ್ವೇಶ್ವರಯ್ಯನವರ 1960ರ ಚೀಟಿಯನ್ನೂ, ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರ 2004ರ ಚೀಟಿಯನ್ನೂ ಸೇರಿಸಿ. ಬೆಂಗಳೂರಿನಲ್ಲಿ ಮೋಟಾರು ಕಾರ್ಖಾನೆ ಕಟ್ಟಬೇಕೆಂದು 1930ರ ದಶಕದಲ್ಲಿ ಇವರಿಬ್ಬರೂ ಬಡಿದಾಡಿದರು. ಬ್ರಿಟಿಷ್ ಸರ್ಕಾರದ ಒಪ್ಪಿಗೆ ಸಿಗದೆ ಆ ಯೋಜನೆ ಬಿದ್ದುಹೋಯಿತು. ವಾಲ್‌ಚಂದ್ 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪಿಸಿದರು. ಇನ್ನೊಂದು ನಂಟು: ಮೂಸಿ ನದಿಯ 1908ರ ಪ್ರವಾಹದ ನಂತರ ಹೈದರಾಬಾದಿಗೆ ಜಲಾಶಯಗಳ ಯೋಜನೆ ಮಾಡಿಕೊಟ್ಟವರು ವಿಶ್ವೇಶ್ವರಯ್ಯನವರೇ, ನಿಜಾಮರ ಚೀಟಿಯ ಮೇಲಿನ ಉಸ್ಮಾನ್ ಸಾಗರ ಅದರ ಫಲ. ಭಾರತೀಯ ಅಂಚೆ 2017ರ ಮಾರ್ಚ್‌ನಲ್ಲಿ ತಂದ ಸಾರಿಗೆಯ 20 ಚೀಟಿಗಳ ಸೆಟ್ಟಿನಲ್ಲಿ ಪಲ್ಲಕ್ಕಿ, ಬಂಡಿ, ರಿಕ್ಷಾಗಳ ಜೊತೆ ಹಳೆಯ ಕಾರುಗಳೂ ಇವೆ. ಇದು ನಿಮ್ಮ ಕಥೆಯ ಈ ತುದಿ.

ಸಾಮಾನು

ಹೆಚ್ಚೇನೂ ಬೇಡ. ತುದಿ ಚಪ್ಪಟೆ ಇರುವ ಸ್ಟಾಂಪ್ ಚಿಮಟ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಕಪ್ಪು ಹಾಳೆಯ ಒಂದು ಸ್ಟಾಕ್ ಬುಕ್ (ಚೀಟಿ ಸಿಕ್ಕಿಸಿಡಲು ಹಾಳೆಯಲ್ಲಿ ಪಟ್ಟಿಗಳಿರುವ ಪುಸ್ತಕ), ಗ್ಲಾಸೀನ್ ಎಂಬ ನುಣುಪಾದ ತೆಳು ಕಾಗದದ ಸ್ವಲ್ಪ ಲಕೋಟೆ. ಹುಬ್ಬು ಕೀಳುವ ಚಿಮಟ ಬಳಸಬೇಡಿ, ಅದರ ಚೂಪು ತುದಿ ಕಾಗದವನ್ನು ಕೊರೆಯುತ್ತದೆ. ಒಣಗಿದ ಚೀಟಿಯನ್ನು ಬೆರಳಿನಿಂದಂತೂ ಮುಟ್ಟಲೇಬೇಡಿ. ಅಂಚಿನ ಹಲ್ಲು ಅಳೆಯುವ ಪರ್ಫೊರೇಷನ್ ಗೇಜ್ ಆಮೇಲೆ ಕೊಂಡರಾಯಿತು. ಎರಡು ಸೆಂಟಿಮೀಟರಿನಲ್ಲಿ ಎಷ್ಟು ರಂಧ್ರ ಎಂದು ಅದು ಹೇಳುತ್ತದೆ. ಒಂದೇ ಚಿತ್ರದ ಎರಡು ಮುದ್ರಣಗಳನ್ನು ಬೇರೆ ಮಾಡಲು ಅದು ಬೇಕಾಗುತ್ತದೆ.

ಚೀಟಿ ಎಲ್ಲಿ ಸಿಗುತ್ತವೆ

ಮೊದಲು ಮನೆಯ ಟ್ರಂಕು. ಕೊಲ್ಲಿ ದೇಶಗಳಿಗೆ ದುಡಿಯಲು ಹೋದವರು ನಮ್ಮ ಕಡೆ ಬಹಳ. ಮೊಬೈಲ್ ಬರುವ ಮೊದಲು ಅವರು ಬರೆದ ಕಾಗದಗಳು ಎಷ್ಟೋ ಮನೆಗಳಲ್ಲಿ ಕಟ್ಟುಕಟ್ಟಾಗಿ ಬಿದ್ದಿವೆ. ಲಕೋಟೆಯಿಂದ ಚೀಟಿ ಕತ್ತರಿಸುವ ಮೊದಲು ಒಂದು ಕ್ಷಣ ನಿಲ್ಲಿ. ಹಳೆಯ ಲಕೋಟೆಯ ಮೇಲೆ ‘ಗುಲ್ಬರ್ಗಾ’ ಎಂಬ ಸ್ಪಷ್ಟ ಮುದ್ರೆ, ದಿನಾಂಕ ಇದ್ದರೆ ಲಕೋಟೆಯನ್ನು ಇಡಿಯಾಗಿ ಉಳಿಸಿ. ಊರಿನ ಹೆಸರು 2014ರ ನವೆಂಬರ್ 1ರಿಂದ ಕಲಬುರಗಿ ಆಗಿದೆ. ಹಳೆಯ ಹೆಸರಿನ ಮುದ್ರೆಯೇ ಈಗ ದಾಖಲೆ.

ಹೊಸ ಭಾರತೀಯ ಚೀಟಿಗಳಿಗೆ ಪ್ರಧಾನ ಅಂಚೆ ಕಚೇರಿಯಲ್ಲಿ ವಿಚಾರಿಸಿ ಫಿಲಾಟೆಲಿ (ಅಂಚೆಚೀಟಿ ಸಂಗ್ರಹ) ಡಿಪಾಸಿಟ್ ಖಾತೆ ತೆರೆಯಿರಿ. ಕನಿಷ್ಠ 200 ರೂಪಾಯಿ ಠೇವಣಿ ಸಾಕು. ಹೊಸ ಚೀಟಿ ಬಿಡುಗಡೆಯಾದಂತೆ ಮುಖಬೆಲೆಗೇ ಮನೆಗೆ ಬರುತ್ತವೆ. ಯಾದಗಿರಿಯ ಹಳ್ಳಿಯಲ್ಲಿರುವವರಿಗೂ ಬೆಂಗಳೂರಿನವರಿಗೂ ಇದರಲ್ಲಿ ವ್ಯತ್ಯಾಸವಿಲ್ಲ, ಅದೇ ಇದರ ದೊಡ್ಡ ಗುಣ. ವಿದೇಶಿ ಚೀಟಿಗಳಿಗೆ ವ್ಯಾಪಾರಿಗಳು, ಆನ್‌ಲೈನ್ ಮಾರಾಟ, ರಾಜ್ಯಮಟ್ಟದ ಕರ್ನಾಪೆಕ್ಸ್ ಪ್ರದರ್ಶನ ಇವೆ. ಆಸ್ಪತ್ರೆಗೋ ಮದುವೆ ಜವಳಿಗೋ ಹೈದರಾಬಾದಿಗೆ ಹೋದಾಗ ಅಬಿಡ್ಸ್‌ನ ಭಾನುವಾರದ ಹಳೆ ಪುಸ್ತಕದ ಸಾಲನ್ನು ಒಮ್ಮೆ ಸುತ್ತಿ ಬನ್ನಿ. ಕಾರಿನ ಹಳೆ ಪುಸ್ತಕ ಸಿಕ್ಕರೆ ಪುಟ ಬರೆಯಲು ಅದು ಚೀಟಿಯಷ್ಟೇ ಉಪಯೋಗ.

‘ನೂರು ಕಾರು ಚೀಟಿ, ಇಷ್ಟು ರೂಪಾಯಿ’ ಎಂಬ ಪೊಟ್ಟಣವನ್ನು ಒಂದು ಸಲ ಕೊಳ್ಳಿ, ಕಣ್ಣು ಪಳಗಲಿ. ಆಮೇಲೆ ಒಂದೊಂದೇ ಆರಿಸಿ ಕೊಳ್ಳಿ.

ನೆನೆಸಿ ಬಿಡಿಸುವುದು

ಬಳಸಿದ ಚೀಟಿ ಲಕೋಟೆಯ ತುಂಡಿನ ಮೇಲಿದ್ದರೆ ಸುತ್ತ ಸ್ವಲ್ಪ ಕಾಗದ ಬಿಟ್ಟು ಕತ್ತರಿಸಿ. ಅಗಲವಾದ ತಟ್ಟೆಯಲ್ಲಿ ತಣ್ಣೀರು ಹಾಕಿ, ಚಿತ್ರ ಮೇಲೆ ಬರುವಂತೆ ತೇಲಿಬಿಡಿ. ಇಲ್ಲಿ ನೀರಿನ ವಿಷಯ ಗಮನಿಸಬೇಕು. ಶಹಾಬಾದ್, ವಾಡಿ, ಸೇಡಂ ಸುತ್ತಲಿನ ನೆಲವೆಲ್ಲ ಸುಣ್ಣದ ಕಲ್ಲು, ಬೋರ್‌ವೆಲ್ ನೀರು ಗಡಸು. ಕೊಡದ ತಳಕ್ಕೆ ಕಟ್ಟುವ ಬಿಳಿ ಪೊರೆ ಒಣಗಿದ ಚೀಟಿಯ ಮೇಲೂ ಕೂರುತ್ತದೆ, ಗಾಢ ಬಣ್ಣದ ಕಾರಿನ ಮೇಲೆ ಎದ್ದು ಕಾಣುತ್ತದೆ. ಫಿಲ್ಟರ್ ನೀರು ಅಥವಾ ಹಿಡಿದಿಟ್ಟ ಮಳೆನೀರು ಬಳಸಿ.

ಇಪ್ಪತ್ತು ನಿಮಿಷದೊಳಗೆ ಹೆಚ್ಚಿನವು ತಾವೇ ಜಾರುತ್ತವೆ. ಜಾರದಿದ್ದರೆ ಎಳೆಯಬೇಡಿ, ಇನ್ನಷ್ಟು ಹೊತ್ತು ಬಿಡಿ. ಹಿಂಬದಿಯ ಅಂಟನ್ನು ಬೆರಳ ತುದಿಯಿಂದ ಮೆಲ್ಲಗೆ ಸವರಿ ತೆಗೆದು, ಹೊಸ ನೀರಿನಲ್ಲಿ ಒಮ್ಮೆ ಅದ್ದಿ, ಬಿಳಿ ಬ್ಲಾಟಿಂಗ್ ಹಾಳೆಯ ಮೇಲೆ ಮಗುಚಿ ಹಾಕಿ. ಫ್ಯಾನ್ ನಿಲ್ಲಿಸಿ, ಬಿಸಿಲಿಗಿಡಬೇಡಿ. ಅರ್ಧ ಆರಿದ ಮೇಲೆ ಎರಡು ಬಿಳಿ ಹಾಳೆಗಳ ನಡುವೆ ಇಟ್ಟು ದಪ್ಪ ಪುಸ್ತಕದಡಿ ಒಂದು ರಾತ್ರಿ ಇಡಿ.

ಕೆಂಪು, ಹಸಿರು ಬಣ್ಣದ ಲಕೋಟೆಯ ತುಂಡುಗಳನ್ನು ಬೇರೆ ತಟ್ಟೆಯಲ್ಲಿ ಒಂಟಿಯಾಗಿ ನೆನೆಸಿ, ಬಣ್ಣ ಬಿಟ್ಟರೆ ಉಳಿದವೂ ಕೆಡುತ್ತವೆ. ಈಚಿನ ಅಮೆರಿಕದ ಸ್ಟಿಕ್ಕರ್ ಮಾದರಿಯ ಚೀಟಿಗಳು ನೀರಿಗೆ ಬಿಡುವುದಿಲ್ಲ. 1950ರ ದಶಕದ ಕಾರುಗಳ 2005ರ ಸುಂದರ ಸೆಟ್ಟನ್ನು ನೆನೆಸಿ ಹಾಳು ಮಾಡದೆ, ಹಿಂದಿನ ಕಾಗದದ ಸಮೇತ ಚೌಕವಾಗಿ ಕತ್ತರಿಸಿ ಇಡಿ. ಭೂತಾನದ 1971ರ ಹಳೆ ಕಾರುಗಳ ಚೀಟಿಗಳು ಪ್ಲಾಸ್ಟಿಕ್ಕಿನವು, ಓರೆ ಮಾಡಿದರೆ ಚಿತ್ರಕ್ಕೆ ಆಳ ಬರುತ್ತದೆ. ಅವುಗಳಿಗೆ ನೀರಿನ ಗೊಡವೆಯೇ ಬೇಡ.

ಬಳಸದ ಚೀಟಿಯನ್ನು ಎಂದೂ ನೆನೆಸಬಾರದು. ಹಿಂಬದಿಯ ಅಂಟು ಹೋದರೆ ಬೆಲೆಯೂ ಹೋಯಿತು.

ಯಾವ ದೇಶದ್ದು?

ಬ್ರಿಟನ್ನಿನ ಚೀಟಿಯಲ್ಲಿ ದೇಶದ ಹೆಸರೇ ಇರುವುದಿಲ್ಲ, ರಾಣಿಯ ಅಥವಾ ರಾಜನ ತಲೆ ಮಾತ್ರ. 1840ರಲ್ಲಿ ಮೊದಲ ಅಂಚೆಚೀಟಿ ತಂದ ದೇಶಕ್ಕೆ ಸಂದ ಗೌರವ ಅದು. ಹೆಲ್ವೆಷಿಯಾ ಎಂದರೆ ಸ್ವಿಟ್ಜರ್ಲೆಂಡ್, ಮಗ್ಯಾರ್ ಎಂದರೆ ಹಂಗೆರಿ, ಸುವೊಮಿ ಎಂದರೆ ಫಿನ್ಲೆಂಡ್, ಸ್ವೆರಿಯೆ ಎಂದರೆ ಸ್ವೀಡನ್. ಡಿಡಿಆರ್ ಎಂದಿದ್ದರೆ ಹಳೆಯ ಪೂರ್ವ ಜರ್ಮನಿ. ಸಿಸಿಸಿಪಿ ಎಂಬಂತೆ ಕಾಣುವ ನಾಲ್ಕು ರಷ್ಯನ್ ಅಕ್ಷರ ಸೋವಿಯತ್ ಒಕ್ಕೂಟದವು. ಆ ದೇಶ 1973ರಿಂದ 1976ರವರೆಗೆ ತನ್ನ ಮೋಟಾರು ಉದ್ಯಮದ ಚರಿತ್ರೆಯನ್ನು ವರ್ಷಕ್ಕೊಂದು ಸೆಟ್ಟಿನಂತೆ ತಂದಿತು. ಅಗ್ಗ, ಅಚ್ಚುಕಟ್ಟು, ಧೈರ್ಯವಾಗಿ ಕೊಳ್ಳಿ.

ಎಲ್ಲಿ ಎಚ್ಚರ ಬೇಕು

ಕಾರು ಜನಪ್ರಿಯ ವಿಷಯ, ಆದ್ದರಿಂದ ಕಸವೂ ಹೆಚ್ಚು. ಮೂಲೆಯಲ್ಲಿ ಅಚ್ಚುಕಟ್ಟಾದ ಕಾಲುಭಾಗದ ಮುದ್ರೆ, ಹಿಂದೆ ಅಂಟು ಹಾಗೇ ಇದ್ದರೆ ಆ ಚೀಟಿ ಯಾವ ಕಾಗದದ ಮೇಲೂ ಪ್ರಯಾಣ ಮಾಡಿಲ್ಲ. ಸಂಗ್ರಾಹಕರಿಗೆ ಮಾರಲೆಂದೇ ಅಚ್ಚುಮನೆಯಲ್ಲೇ ಮುದ್ರೆ ಒತ್ತಿದ್ದು. ಅದು ನಕಲಿಯಲ್ಲ, ಆದರೆ ಬೆಲೆ ಚಿಲ್ಲರೆ. ಕೊಲ್ಲಿಯ ಸಣ್ಣ ಸಂಸ್ಥಾನಗಳಾದ ಅಜ್ಮಾನ್, ಫುಜೈರಾ, ಉಮ್ಮ್ ಅಲ್ ಕುವೈನ್ ಹೆಸರಿನಲ್ಲಿ 1960ರ ದಶಕದ ಕೊನೆ, 1970ರ ದಶಕದ ಆರಂಭದಲ್ಲಿ ಬಂದ ಬಣ್ಣಬಣ್ಣದ ರಾಶಿಯೂ ಬಹುಪಾಲು ಇದೇ ಜಾತಿ. ಒಂದೆರಡನ್ನು ಇಟ್ಟುಕೊಂಡು ಅವು ಯಾಕೆ ಹುಟ್ಟಿದವು ಎಂದು ಬರೆಯಿರಿ, ಅಷ್ಟು ಸಾಕು.

ಕಾನೂನುಬಾಹಿರ ಚೀಟಿಗಳು ಬೇರೆ. ಯಾವುದೋ ದೇಶದ ಹೆಸರು ಹಾಕಿ, ಆ ದೇಶದ ಅಂಚೆ ಇಲಾಖೆಗೆ ಗೊತ್ತೇ ಇಲ್ಲದಂತೆ ಅಚ್ಚಾದ ಫೆರಾರಿ, ರೇಸ್ ಕಾರುಗಳ ಹಾಳೆಗಳು ಆನ್‌ಲೈನ್‌ನಲ್ಲಿ ತುಂಬಿವೆ. ವಿಶ್ವ ಅಂಚೆ ಒಕ್ಕೂಟ 2002ರಿಂದ ಡಬ್ಲ್ಯುಎನ್‌ಎಸ್ ಎಂಬ ನೋಂದಣಿ ನಡೆಸುತ್ತಿದೆ. ಅದರಲ್ಲಿ ಸೇರಿದ ದೇಶಗಳ ಅಧಿಕೃತ ಚೀಟಿಗಳಿಗೆ ಅಲ್ಲಿ ಒಂದೊಂದು ಸಂಖ್ಯೆ ಇರುತ್ತದೆ. ಹೊಸ ಚೀಟಿ ಕೊಳ್ಳುವ ಮೊದಲು ಅಲ್ಲಿ ಅಥವಾ ಸ್ಟ್ಯಾನ್ಲಿ ಗಿಬ್ಬನ್ಸ್, ಮಿಖೆಲ್ (Michel), ಸ್ಕಾಟ್ ಕ್ಯಾಟಲಾಗಿನಲ್ಲಿ ಹುಡುಕಿ. ಎಲ್ಲೂ ಇಲ್ಲದ್ದನ್ನು ಕೊಳ್ಳಬೇಡಿ. ಮೇಲಚ್ಚು (ಅಚ್ಚಾದ ಚೀಟಿಯ ಮೇಲೆ ಮತ್ತೆ ಒತ್ತಿದ ಬರಹ) ಇರುವುದರಿಂದಲೇ ದುಬಾರಿಯಾದ ಚೀಟಿಗೆ ತಜ್ಞರ ಪ್ರಮಾಣಪತ್ರ ಕೇಳಿ, ಕೊಡದಿದ್ದರೆ ಎದ್ದು ಬನ್ನಿ.

ನಮ್ಮ ಬಿಸಿಲು, ನಮ್ಮ ಕೂಲರ್

ಪುಸ್ತಕಗಳು ತೇವದಿಂದ ಕಾಪಾಡಿ ಎನ್ನುತ್ತವೆ. ನಮ್ಮ ಒಣ ಹವೆಯಲ್ಲಿ ಆ ಭಯವಿಲ್ಲ ಎಂದುಕೊಳ್ಳುತ್ತೇವೆ. ಆದರೆ ಮಾರ್ಚ್ ಬಂತೆಂದರೆ ಮನೆಮನೆಯಲ್ಲೂ ನೀರಿನ ಕೂಲರ್ ಹಗಲು ರಾತ್ರಿ ತಿರುಗುತ್ತದೆ, ಅದು ಕೋಣೆಗೆ ತುಂಬುವುದು ಒದ್ದೆ ಗಾಳಿಯನ್ನೇ. ಕೂಲರ್ ಇರುವ ಕೋಣೆಯಲ್ಲಿ ಆಲ್ಬಮ್ ಇಟ್ಟರೆ ಬಳಸದ ಚೀಟಿಗಳ ಅಂಟು ಸಡಿಲಾಗಿ ಹಾಳೆಗೆ ಕಚ್ಚುತ್ತದೆ. ಪತ್ರಾಸಿನ ಮಾಡಿನ ಕೋಣೆಯಲ್ಲಿಟ್ಟರೆ ಕಾಗದ ಸುರುಳಿಯಾಗುತ್ತದೆ. ಕೂಲರ್ ಇಲ್ಲದ ಒಳಕೋಣೆಯ ಕಬ್ಬಿಣದ ಅಲಮಾರಿಯ ನಡುವಿನ ಅರೆ ಸರಿಯಾದ ಜಾಗ. ಮಳೆಗಾಲದಲ್ಲಿ ಹಳೆಯ ಕಲ್ಲುಗೋಡೆ ನೀರು ಹೀರುತ್ತದೆ, ಗೋಡೆಯೊಳಗಿನ ಗೂಡು ಬೇಡ.

ಸ್ಟಾಕ್ ಬುಕ್ಕನ್ನು ಪುಸ್ತಕದಂತೆ ನಿಲ್ಲಿಸಿ ಇಡಿ, ಒಂದರ ಮೇಲೊಂದು ಪೇರಿಸಿದರೆ ಒತ್ತಡಕ್ಕೆ ಅಂಟಿಕೊಳ್ಳುತ್ತವೆ. ಪಕ್ಕದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇರಲಿ. ಮೆತ್ತಗಿನ, ವಾಸನೆ ಬರುವ ಪಿವಿಸಿ ಪ್ಲಾಸ್ಟಿಕ್ ಕವರ್ ಬೇಡ, ಫೋಟೊ ಆಲ್ಬಮ್ಮಿನ ಅಂಟು ಹಾಳೆಯಂತೂ ಚೀಟಿಯ ಶತ್ರು. ತಿಂಗಳಿಗೊಮ್ಮೆ ಪುಟ ತಿರುವಿ ಗಾಳಿ ಆಡಿಸಿ.

ಪುಟ ಬರೆಯುವುದು

ಸಂಗ್ರಹಕ್ಕೆ ಜೀವ ಬರುವುದು ಇಲ್ಲಿ. ಎ4 ಗಾತ್ರದ ದಪ್ಪ ಬಿಳಿ ಹಾಳೆ ತೆಗೆದುಕೊಳ್ಳಿ. ಪ್ರದರ್ಶನದ ಒಂದು ಫ್ರೇಮಿನಲ್ಲಿ ಇಂಥ 16 ಹಾಳೆ ಹಿಡಿಯುತ್ತವೆ, ಆದ್ದರಿಂದ ಕಥೆಯನ್ನು 16 ಪುಟಕ್ಕೆ ಯೋಚಿಸಿ. ಮೊದಲ ಪುಟದಲ್ಲಿ ಶೀರ್ಷಿಕೆ ಮತ್ತು ಅಧ್ಯಾಯಗಳ ಯೋಜನೆ. ‘ನನ್ನ ಕಾರು ಚೀಟಿಗಳು’ ಶೀರ್ಷಿಕೆಯಲ್ಲ. ‘ಟಪ್ಪಾಲಿನ ಎತ್ತಿನ ಗಾಡಿಯಿಂದ ಬಸ್ಸಿನವರೆಗೆ: ಹೈದರಾಬಾದ್ ಸಂಸ್ಥಾನದ ರಸ್ತೆ’ ಎಂದರೆ ನೋಡುವವರು ಮುಂದಿನ ಪುಟಕ್ಕೆ ಬರುತ್ತಾರೆ.

ಒಂದು ಪುಟಕ್ಕೆ ಒಂದೇ ಮಾತು. 8 ಆಣೆ ಲಾರಿಯ ಪುಟದಲ್ಲಿ ಅದರ ಒಡನಾಡಿಗಳಾದ ಎತ್ತಿನ ಗಾಡಿ, ಟಾಂಗಾ ಚೀಟಿಗಳೂ, ಸಾಧ್ಯವಾದರೆ ಆ ಕಾಲದ ಮುದ್ರೆ ಬಿದ್ದ ಒಂದು ಲಕೋಟೆಯೂ ಇರಲಿ. ಬರೀ ಚೀಟಿ ಸಾಲಾಗಿ ಜೋಡಿಸಿದ ಪುಟಕ್ಕಿಂತ ಚೀಟಿ, ಲಕೋಟೆ, ವಿಶೇಷ ಮುದ್ರೆ, ಅಂಚೆ ಕಾರ್ಡು ಬೆರೆತ ಪುಟಕ್ಕೆ ತೀರ್ಪುಗಾರರು ಹೆಚ್ಚು ಅಂಕ ಕೊಡುತ್ತಾರೆ. ಬರಹ ಚಿಕ್ಕದಿರಲಿ, ಕನ್ನಡದಲ್ಲೇ ಇರಲಿ. ಚೀಟಿಯಲ್ಲಿ ಕಣ್ಣಿಗೆ ಕಾಣುವುದನ್ನು ಮತ್ತೆ ಬರೆಯಬೇಡಿ, ಕಾಣದ್ದನ್ನು ಬರೆಯಿರಿ. ಸಿಲ್ವರ್ ಘೋಸ್ಟ್ ಚೀಟಿಯ ಕೆಳಗೆ ‘ಇದು ರೋಲ್ಸ್ ರಾಯ್ಸ್ ಕಾರು’ ಎಂಬ ಸಾಲು ದಂಡ. ಚೌಮಹಲ್ಲಾದ ಹಳದಿ ಗಾಡಿಯ ಮಾತು ಬೇಕು.

ಬಳಸದ ಚೀಟಿಗೆ ಮೌಂಟ್ ಎಂಬ ಪಾರದರ್ಶಕ ಕವಚ, ಬಳಸಿದ್ದಕ್ಕೆ ಹಿಂಜ್ ಎಂಬ ಅಂಟು ಹಚ್ಚಿದ ಪುಟ್ಟ ಕಾಗದದ ಪಟ್ಟಿ. ಜೊತೆಗೆ ಒಂದು ನೋಟ್‌ಬುಕ್ಕಿನಲ್ಲಿ ದೇಶ, ವರ್ಷ, ಕ್ಯಾಟಲಾಗ್ ಸಂಖ್ಯೆ, ಕೊಟ್ಟ ಬೆಲೆ, ಎಲ್ಲಿಂದ ಬಂತು ಎಂದು ಬರೆದಿಡಿ. ಒಂದೇ ಚೀಟಿಯನ್ನು ಎರಡು ಸಲ ಕೊಳ್ಳುವುದು ಇದರಿಂದ ತಪ್ಪುತ್ತದೆ, ವಿನಿಮಯಕ್ಕೆ ಏನಿದೆ ಎಂಬುದೂ ತಿಳಿಯುತ್ತದೆ.

ಶಾಲೆಯ ಮಕ್ಕಳಿಗೆ

6ರಿಂದ 9ನೇ ತರಗತಿಯ ಮಕ್ಕಳಿದ್ದರೆ ಅಂಚೆ ಇಲಾಖೆಯ ದೀನದಯಾಳ್ ಸ್ಪರ್ಶ್ ಯೋಜನೆಯನ್ನು ಕೈಬಿಡಬೇಡಿ. 2017ರಲ್ಲಿ ಶುರುವಾದ ಇದು ಅಂಚೆಚೀಟಿ ಸಂಗ್ರಹವನ್ನು ಹವ್ಯಾಸ ಮಾಡಿಕೊಂಡ ಮಕ್ಕಳಿಗೆ ವರ್ಷಕ್ಕೆ 6000 ರೂಪಾಯಿ ವಿದ್ಯಾರ್ಥಿವೇತನ ಕೊಡುತ್ತದೆ. ಹಿಂದಿನ ಪರೀಕ್ಷೆಯಲ್ಲಿ ಶೇ 60 ಅಂಕ ಇರಬೇಕು. ಶಾಲೆಯಲ್ಲಿ ಫಿಲಾಟೆಲಿ ಕ್ಲಬ್ ಇದ್ದು ಮಗು ಅದರ ಸದಸ್ಯನಾಗಿರಬೇಕು, ಕ್ಲಬ್ ಇಲ್ಲದಿದ್ದರೆ ಮಗುವಿನ ಹೆಸರಿನಲ್ಲೇ ಡಿಪಾಸಿಟ್ ಖಾತೆ ಇದ್ದರೂ ನಡೆಯುತ್ತದೆ. ಮೊದಲು ರಸಪ್ರಶ್ನೆ, ಅದರಲ್ಲಿ ಆಯ್ಕೆಯಾದವರಿಗೆ ಚೀಟಿಗಳನ್ನಿಟ್ಟು ಮಾಡುವ ಒಂದು ಕಿರು ಪ್ರಾಜೆಕ್ಟು. ಮೇಲೆ ಹೇಳಿದಂತೆ ನಾಲ್ಕೈದು ಪುಟವನ್ನು ಮಗು ತಾನೇ ಬರೆದು ಅಭ್ಯಾಸ ಮಾಡಿದ್ದರೆ ಆ ಪ್ರಾಜೆಕ್ಟು ಹೊರೆಯೆನಿಸುವುದಿಲ್ಲ. ಅಧಿಸೂಚನೆ ಯಾವಾಗ ಬರುತ್ತದೆಂದು ಪ್ರಧಾನ ಅಂಚೆ ಕಚೇರಿಯಲ್ಲಿ ಶಾಲೆ ಶುರುವಾಗುವ ಜೂನ್ ತಿಂಗಳಲ್ಲೇ ಕೇಳಿಟ್ಟುಕೊಳ್ಳಿ, ಖಾತೆಯನ್ನೂ ಆಗಲೇ ತೆರೆದುಬಿಡಿ.